ಏದುಸಿರು: ಯಾವಾಗ ಕಾಯಬಹುದು, ಯಾವಾಗ ಕಾಯಲೇಬಾರದು

ಈ ಪಾಠವನ್ನು ಕಾಯಿಲೆಗಳ ಪಟ್ಟಿಯಿಂದ ಶುರು ಮಾಡಬೇಡಿ. ಆಸ್ತಮಾ, ನ್ಯುಮೋನಿಯಾ, ಹಾರ್ಟ್ ಫೇಲ್ಯೂರ್ ಅಂತ ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಬರೆಯಬಹುದು. ಆದರೆ ವಾರ್ಡಿನಲ್ಲಿ ಒಬ್ಬರು ಮಂಚದ ಅಂಚಿಗೆ ಕೂತು, ಮೊಣಕಾಲ ಮೇಲೆ ಎರಡೂ ಕೈ ಊರಿ, ಕತ್ತಿನ ನರ ಬಿಗಿಯಾಗುವಂತೆ ಉಸಿರು ಎಳೆಯುತ್ತಿದ್ದಾಗ ಆ ಪಟ್ಟಿ ಕೈ ಹಿಡಿಯಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಇದು: ಹೋದ ವಾರ ಆರಾಮಾಗಿ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ? ಬಚ್ಚಲಿಗೆ ಹೋಗಿ ಬರೋದಾ, ಒಂದು ಕೊಡ ನೀರು ಎತ್ತೋದಾ, ಮಾತಾಡೋದಾ? ಉತ್ತರದಲ್ಲೇ ಅರ್ಧ ವಿಷಯ ಸಿಗುತ್ತೆ.

ಏದುಸಿರು ಬರೋದೇ ತಪ್ಪಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ಯಾರಿಗಾದರೂ ಬರುತ್ತೆ. ಸ್ನಾಯುಗಳು ಕೆಲಸ ಮಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಲು ನೋಡುತ್ತೆ, ಅದನ್ನು ಹೊರಹಾಕೋಕೆ ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ವೇಗ ಹೆಚ್ಚಿಸುತ್ತೆ. ತುಂಬಾ ಜನ ಆಕ್ಸಿಜನ್ ಕಡಿಮೆಯಾದಾಗ ಮಾತ್ರ ಉಸಿರು ಕಟ್ಟೋದು ಅಂದುಕೊಂಡಿರ್ತಾರೆ, ಹಾಗಲ್ಲ. ಕೂತು ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂದರೆ ದೇಹ ತನ್ನ ಕೆಲಸ ಮಾಡಿದೆ ಅಂತ ಅರ್ಥ. ಸುಮ್ನೆ ಕೂತಾಗಲೂ ಬಂದರೆ, ಅಥವಾ ದಿನಾ ಹತ್ತುವ ಮನೆಯ ಮೆಟ್ಟಿಲೇ ಈಗ ಕಷ್ಟ ಅನ್ನಿಸಿದರೆ, ಆಗ ಹುಡುಕಬೇಕು.

ಉಸಿರು ಎಣಿಸೋದನ್ನು ಸರಿಯಾಗಿ ಕಲಿಯಿರಿ. "ನಿಮ್ಮ ಉಸಿರು ಎಣಿಸ್ತೀನಿ" ಅಂತ ಹೇಳಿದ ತಕ್ಷಣ ಯಾರ ಉಸಿರಾದರೂ ಬದಲಾಗುತ್ತೆ. ಅದಕ್ಕೆ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡು, ಕಣ್ಣು ಎದೆ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋ ಅಭ್ಯಾಸ ಬೇಡ, ಒಂದು ಉಸಿರು ತಪ್ಪಿದರೆ ನಾಲ್ಕು ತಪ್ಪಿದ ಹಾಗೆ. ಸುಮ್ನೆ ಕೂತಿರುವ ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 25 ದಾಟಿದರೆ ಡಾಕ್ಟರಿಗೆ ತಿಳಿಸಬೇಕು, 30 ದಾಟಿದರೆ ಓಡಬೇಕು.

ಮಕ್ಕಳ ಲೆಕ್ಕ ಬೇರೆ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಅದಕ್ಕಿಂತ ಜಾಸ್ತಿ, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಬಂದರೆ ಅದು ವೇಗದ ಉಸಿರು. ಅಳುವಾಗ, ಹಾಲು ಕುಡಿಯುವಾಗ ಎಣಿಸಬೇಡಿ. ಅಂಗಿ ಮೇಲೆತ್ತಿ ನೋಡಿ: ಉಸಿರು ಎಳೆದಾಗ ಎದೆಯ ಕೆಳಭಾಗ ಒಳಗೆ ಸೆಳೆದುಕೊಳ್ಳುತ್ತಿದ್ದರೆ, ಮಗು ಹಾಲು ಬಿಟ್ಟಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ.

ಆಕ್ಸಿಮೀಟರ್, ಅಂದ್ರೆ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟು ತುಂಬಿದೆ ಅಂತ ತೋರಿಸೋ ಯಂತ್ರ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೋವಿಡ್ ಆದಮೇಲೆ ಎಷ್ಟೋ ಮನೆಗಳಲ್ಲಿ ಇದೆ, ಬೆರಳಿಗೆ ಸಿಕ್ಕಿಸಿ 97 ಬಂತು ಅಂದರೆ ಎಲ್ಲಾ ಸರಿ ಅಂದುಕೊಳ್ತಾರೆ. ರಕ್ತಹೀನತೆ ಇದ್ದವರಲ್ಲಿ ನೋಡಿ, 98 ತೋರಿಸ್ತಿರುತ್ತೆ, ಆದರೂ ಅಂಗಳ ಗುಡಿಸುವಷ್ಟರಲ್ಲಿ ಏದುಸಿರು. ಯಾಕೆ ಅಂದ್ರೆ ಪ್ರತಿ ಗಾಡಿ ಎಷ್ಟು ತುಂಬಿದೆ ಅಂತ ಆ ಯಂತ್ರ ಹೇಳುತ್ತೆ, ಒಟ್ಟು ಎಷ್ಟು ಗಾಡಿ ಇವೆ ಅಂತ ಹೇಳಲ್ಲ. ಆಕ್ಸಿಜನ್ ಹೊರುವ ಗಾಡಿಯಾದ ಹಿಮೋಗ್ಲೋಬಿನ್ನೇ ಕಡಿಮೆ ಇದ್ದರೆ ಇದ್ದಷ್ಟು ಪೂರ್ತಿ ತುಂಬಿದ್ದರೂ ಸಾಲಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ "ಅಕ್ಕಾ, ನಿಮಗೆ ಸ್ವಲ್ಪ ಸುಸ್ತು ಅಷ್ಟೇ" ಅಂತ ಕಳಿಸುವ ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ಬಿಳಿಚಿದೆಯಾ ನೋಡಿ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಾ ಅಂತ ಕೇಳಿ. ಇನ್ನೊಂದು ವಿಷಯ, ನೇಲ್ ಪಾಲಿಶ್ ಇದ್ದರೆ, ಬೆರಳು ತಣ್ಣಗಿದ್ದರೆ ಅಂಕಿ ತಪ್ಪು ಬರಬಹುದು. ಸಾಮಾನ್ಯವಾಗಿ 95ರ ಮೇಲಿರಬೇಕು, 90ಕ್ಕಿಂತ ಕೆಳಗೆ ಬಂದರೆ ತುರ್ತು. ಹಳೇ ಸಿಒಪಿಡಿ (ಉಸಿರುನಾಳ ಕಿರಿದಾಗಿ ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಡಾಕ್ಟರ್ 88–92 ಸಾಕು ಅಂದಿರಬಹುದು, ಅಂಥವರಿಗೆ ಸಿಕ್ಕಾಪಟ್ಟೆ ಆಕ್ಸಿಜನ್ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರಬಹುದು.

ಸಿಒಪಿಡಿ ಅಂದ್ರೆ ಬೀಡಿ ಸಿಗರೇಟ್ ಸೇದೋ ಗಂಡಸರ ಕಾಯಿಲೆ ಅಂತ ಬರೆದುಕೊಂಡಿದ್ದರೆ ತಿದ್ದಿಕೊಳ್ಳಿ. ಜೀವಮಾನವೆಲ್ಲಾ ಸೌದೆ ಒಲೆ ಊದಿದ ಅಜ್ಜಿಯರಿಗೂ ಬರುತ್ತೆ. ಅವರನ್ನು "ಸೇದ್ತೀರಾ?" ಅಂತ ಕೇಳಿ ಸುಮ್ಮನಾಗಬೇಡಿ, ಅಡುಗೆ ಯಾವುದರಲ್ಲಿ ಮಾಡ್ತಿದ್ರಿ ಅಂತ ಕೇಳಿ.

ರಾತ್ರಿಯ ಪ್ರಶ್ನೆ ಮರೆಯಬಾರದು. ಎಷ್ಟು ದಿಂಬು ಹಾಕಿಕೊಂಡು ಮಲಗ್ತೀರಾ? ಮೊದಲು ಒಂದಿದ್ದದ್ದು ಈಗ ಮೂರಾಗಿದ್ದರೆ, ನಡುರಾತ್ರಿ ಉಸಿರು ಕಟ್ಟಿ ಎದ್ದು ಕಿಟಕಿ ಹತ್ತಿರ ಕೂರುವಂತಾಗಿದ್ದರೆ, ಸಂಜೆ ಹೊತ್ತಿಗೆ ಕಾಲು ಊದಿ ಚಪ್ಪಲಿ ಗುರುತು ಉಳಿಯುತ್ತಿದ್ದರೆ ಹೃದಯದ ಕಡೆ ನೋಡಬೇಕು. ಹೃದಯ ಸರಿಯಾಗಿ ಪಂಪ್ ಮಾಡದಿದ್ದಾಗ, ಮಲಗಿದರೆ ಕಾಲಿನ ಕಡೆಯ ರಕ್ತ ಎದೆಗೆ ಮರಳಿ ಶ್ವಾಸಕೋಶದಲ್ಲಿ ನೀರಿನಂಶ ತುಂಬುತ್ತೆ.

ಥಟ್ಟನೆ ಶುರುವಾದರೆ ಯೋಚನೆ ಬೇರೆ ದಾರಿಯಲ್ಲಿ ಹೋಗಬೇಕು. ಆಪರೇಷನ್, ಹೆರಿಗೆ, ದೂರದ ಪ್ರಯಾಣ ಆದಮೇಲೆ ಒಂದೇ ಕಾಲಿನ ಮೀನಖಂಡ ಊದಿ, ಆಮೇಲೆ ಉಸಿರು ಕಟ್ಟಿದರೆ ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿರಬಹುದು. ಜೇನುಹುಳು ಕಚ್ಚಿದ ಮೇಲೋ, ಇಂಜೆಕ್ಷನ್ ಆದಮೇಲೋ ತುಟಿ ಮುಖ ಊದುತ್ತಿದ್ದರೆ ಅಲರ್ಜಿ, ನಿಮಿಷಗಳ ಆಟ ಅದು. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹಾರ್ಟ್ ಅಟ್ಯಾಕ್ ಎದೆನೋವೇ ಇಲ್ಲದೆ ಬರೀ ಏದುಸಿರು, ಬೆವರು, ಸುಸ್ತಾಗಿ ಬರಬಹುದು. ಇಲ್ಲೇ "ಗ್ಯಾಸ್ ಇರ್ಬೇಕು ಬಿಡು" ಅಂತ ಸೋಡಾ ಕುಡಿಸಿ ಮಲಗಿಸಿಬಿಡ್ತಾರೆ, ಅದನ್ನು ನೋಡಿದಾಗೆಲ್ಲಾ ಹೊಟ್ಟೆ ಉರಿಯುತ್ತೆ. ಇಸಿಜಿ ತೆಗೆಯದೆ ಗ್ಯಾಸ್ ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕಾದರೆ ಉಚಿತವಾಗಿ ಕೊಡ್ತಾರೆ.

ಗಾಬರಿಯಿಂದಲೂ ಉಸಿರು ಕಟ್ಟಿದ ಹಾಗೆ ಆಗುತ್ತೆ ನಿಜ, ಕೈ ಬೆರಳು, ತುಟಿ ಸುತ್ತ ಜುಮ್ ಅನ್ನುತ್ತೆ. ಆದರೆ ಮೊದಲ ಸಲ ಬಂದಾಗ ಮಿಕ್ಕಿದ್ದೆಲ್ಲಾ ಅಲ್ಲ ಅಂತ ಡಾಕ್ಟರ್ ನೋಡಿದ ಮೇಲೆ ಮಾತ್ರ ಆ ಹೆಸರು ಕೊಡಬೇಕು. ಮುಖಕ್ಕೆ ಕವರ್ ಹಿಡಿದು ಉಸಿರಾಡಿಸೋದು ಹಳೇ ಪದ್ಧತಿ, ಅಪಾಯ, ಬೇಡ.

ಇವಿಷ್ಟರಲ್ಲಿ ಒಂದು ಕಂಡರೂ ನೇರ 108: ಒಂದು ವಾಕ್ಯ ಪೂರ್ತಿ ಹೇಳೋಕಾಗದೆ ಎರಡು ಪದಕ್ಕೆ ನಿಲ್ಲಿಸೋದು, ತುಟಿ ನೀಲಿಯಾಗೋದು, ಎದೆ ಹಿಂಡಿದಂತಾಗೋದು, ಕೆಮ್ಮಿನಲ್ಲಿ ರಕ್ತ, ತಲೆತಿರುಗಿ ಬೀಳೋದು, ಮಾತು ತಡಬಡಾಯಿಸೋದು. ಆಸ್ತಮಾ ಜೋರಾಗಿದ್ದಾಗ ಸುಂಯ್ ಸದ್ದು ನಿಂತು ಎದೆ ನಿಶ್ಶಬ್ದವಾದರೆ ವಾಸಿಯಾಯ್ತು ಅಂದುಕೊಳ್ಳಬೇಡಿ, ಗಾಳಿಯೇ ಆಡುತ್ತಿಲ್ಲ ಅಂತ ಅರ್ಥ ಇರಬಹುದು.

ಆಂಬುಲೆನ್ಸ್ ಬರುವ ತನಕ ಮಲಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಲಿ, ಎದುರಿಗೆ ದಿಂಬು ಕೊಡಿ. ಬಿಗಿ ಬಟ್ಟೆ ಸಡಿಲಿಸಿ, ಸುತ್ತ ನಿಂತವರನ್ನು ದೂರ ಕಳಿಸಿ, ಬಾಯಿಗೆ ನೀರು ಹಾಕಬೇಡಿ. ಆಸ್ತಮಾ ಇದ್ದು ಅವರದೇ ಸಾಲ್ಬ್ಯುಟಮಾಲ್ (ಉಸಿರುನಾಳ ಸಡಿಲಿಸುವ ಔಷಧ) ಇನ್‌ಹೇಲರ್ ಇದ್ದರೆ ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆ) ಹಾಕಿ ಒಂದೊಂದೇ ಪಫ್ ಕೊಡಿ. ಇನ್ನೊಬ್ಬರು ಅಷ್ಟರಲ್ಲಿ ಹಳೇ ಚೀಟಿ, ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಹಿಂದಿನ ಇಸಿಜಿ ಎಲ್ಲಾ ಒಂದು ಚೀಲಕ್ಕೆ ಹಾಕಲಿ, ಏದುಸಿರು ಶುರುವಾದ ಸಮಯವನ್ನೂ ಒಂದು ಹಾಳೆಯಲ್ಲಿ ಬರೆದಿಡಲಿ. ಆಸ್ಪತ್ರೆಯಲ್ಲಿ ಮೊದಲು ಕೇಳೋದೇ ಅದನ್ನ.