ಓದುಗರ ಪ್ರಶ್ನೆ: ಕ್ಯಾಮೆರಾ ಲೆನ್ಸನ್ನು ಬಾಯಿಂದ ಊದಿ ಬಟ್ಟೆಯಿಂದ ಒರೆಸಬಹುದೇ?

ಪ್ರಶ್ನೆ: ಜಾತ್ರೆ, ಬಯಲಾಟಗಳ ಫೋಟೊ ತೆಗೆಯಲು ಊರೂರು ತಿರುಗುವ ನನ್ನ ಲೆನ್ಸಿನ ಮೇಲೆ ಪ್ರತಿ ಸಲವೂ ಧೂಳು ಕೂರುತ್ತದೆ. ಬಾಯಿಂದ ಊದಿ, ಕನ್ನಡಕದ ಬಟ್ಟೆಯಿಂದ ಒರೆಸಿಬಿಡುತ್ತೇನೆ. ಇದರಿಂದ ಹಾನಿಯಾಗುತ್ತದೆಯೇ? ಲೆನ್ಸಿನ ಮುಂದೆ ಕೂರಿಸುವ ಫಿಲ್ಟರನ್ನೂ ಹೀಗೆಯೇ ಒರೆಸಬಹುದೇ?

ಉತ್ತರ: ಒಂದೆರಡು ಸಲಕ್ಕೆ ಏನೂ ಆಗದಿರಬಹುದು, ಆದರೆ ರೂಢಿಯಾದರೆ ಗೀರುಗಳು ಬೀಳುತ್ತವೆ. ಮಣ್ಣಿನ ರಸ್ತೆಯಿಂದ ಏಳುವ ಧೂಳಿನಲ್ಲಿ ಕ್ವಾರ್ಟ್ಸ್‌ನ, ಅಂದರೆ ಬೆಣಚುಕಲ್ಲಿನ, ಸೂಕ್ಷ್ಮ ಚೂರುಗಳಿರುತ್ತವೆ. ಗಡಸುತನದ ಮೋಸ್ ಮಾಪಕದಲ್ಲಿ ಕ್ವಾರ್ಟ್ಸ್ 7ರಲ್ಲಿದ್ದರೆ ಲೆನ್ಸಿನ ಗಾಜು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುವುದರಿಂದ, ಅಂಥ ಒಂದು ಚೂರು ಬಟ್ಟೆಯಡಿ ಸಿಕ್ಕಿಕೊಂಡರೆ ಎಷ್ಟು ಮೆತ್ತನೆಯ ಬಟ್ಟೆಯಾದರೂ ಉಪ್ಪುಕಾಗದದ ಕೆಲಸ ಮಾಡುತ್ತದೆ. ಅದಕ್ಕೆ ಮೊದಲು ಸಿಗುವುದು ಗಾಜಿನ ಮೇಲಿನ ಲೇಪ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಹಿಂದಿರುಗಿಸುತ್ತದೆ; ಇದನ್ನು ತಗ್ಗಿಸಲು ಮೆಗ್ನೀಷಿಯಂ ಫ್ಲೋರೈಡ್‌ನಂಥ ವಸ್ತುಗಳ ಪದರಗಳನ್ನು ಹಚ್ಚಿರುತ್ತಾರೆ. ಅಂಥ ಒಂದು ಪದರದ ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ಕೂದಲೆಳೆಗಿಂತ ನೂರಾರು ಪಟ್ಟು ತೆಳು. ಲೆನ್ಸನ್ನು ಓರೆಯಾಗಿ ಹಿಡಿದಾಗ ಕಾಣುವ ಹಸಿರು, ನೇರಳೆ ಛಾಯೆ ಅದರದ್ದೇ.

ಹಾಗಾಗಿ ಒರೆಸುವುದು ಕೊನೆಯ ಕೆಲಸವಾಗಬೇಕು. ಮೊದಲು ಲೆನ್ಸಿನ ಮುಖ ಕೆಳಗಾಗುವಂತೆ ಹಿಡಿದು ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಯಿಸಿ. ಬಾಯಿಂದ ಊದಿದರೆ ಎಂಜಲಿನ ಹನಿಗಳೂ ಸಿಡಿಯುತ್ತವೆ. ಡಬ್ಬಿಯಲ್ಲಿ ತುಂಬಿ ಮಾರುವ ಒತ್ತಡದ ಗಾಳಿಯೂ ಬೇಡ, ಅದರೊಳಗಿನ ದ್ರವ ಗಾಜಿನ ಮೇಲೆ ಚಿಮ್ಮಬಹುದು. ಬ್ಲೋವರ್‌ಗೆ ಜಗ್ಗದ ಕಣಗಳಿಗೆ ಬೆರಳು ತಾಗಿಸದೆ ಇಟ್ಟುಕೊಂಡ ಮೃದುವಾದ ಬ್ರಷ್ ಸಾಕು. ಇಷ್ಟಾದ ಮೇಲೂ ಬೆರಳಚ್ಚು, ಎಣ್ಣೆಯ ಜಿಡ್ಡು ಉಳಿದಿದ್ದರೆ ಮಾತ್ರ ಲೆನ್ಸ್ ಕ್ಲೀನಿಂಗ್ ದ್ರಾವಣದ ಒಂದೆರಡು ಹನಿಯನ್ನು ಲೆನ್ಸ್ ಟಿಶ್ಯೂ ಅಥವಾ ಶುಭ್ರವಾದ ಮೈಕ್ರೋಫೈಬರ್ ಬಟ್ಟೆಗೆ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಸುತ್ತು ಬರುವಂತೆ, ಒತ್ತದೆ ಒರೆಸಬೇಕು. ದ್ರಾವಣವನ್ನು ಗಾಜಿನ ಮೇಲೆ ನೇರವಾಗಿ ಸುರಿದರೆ ಅದು ಅಂಚಿನ ಸಂದಿಯಿಂದ ಒಳಗಿಳಿಯುತ್ತದೆ. ಕಿಟಕಿ ಗಾಜಿನ ಕ್ಲೀನರ್, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ಸುಳಿಯಬಾರದು. ಜೇಬಿನಲ್ಲಿ ವರ್ಷಗಟ್ಟಲೆ ಇರುವ ಕನ್ನಡಕದ ಬಟ್ಟೆ, ನಿಜ ಹೇಳಬೇಕೆಂದರೆ, ಧೂಳಿನ ಉಗ್ರಾಣ. ಬಟ್ಟೆಯನ್ನು ಆಗಾಗ ಸೌಮ್ಯವಾದ ಸೋಪಿನಿಂದ ಒಗೆಯಿರಿ, ಫ್ಯಾಬ್ರಿಕ್ ಕಂಡೀಷನರ್ ಮಾತ್ರ ಸೋಕಿಸಬೇಡಿ.

ಕಾರವಾರ, ಮರವಂತೆಯಂಥ ಕಡಲತೀರಗಳಲ್ಲಿ ಫೋಟೊ ತೆಗೆದಿದ್ದರೆ ಕ್ರಮ ಸ್ವಲ್ಪ ಬೇರೆ. ನೀರ ತುಂತುರು ಒಣಗಿ ಉಳಿದ ಉಪ್ಪಿನ ಹರಳನ್ನು ಒಣಗಿದ್ದಾಗಲೇ ಉಜ್ಜಬಾರದು, ಅದು ನೀರಿಗೆ ಸುಲಭವಾಗಿ ಕರಗುತ್ತದೆ; ಆದ್ದರಿಂದ ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಮೊದಲು ಸುಮ್ಮನೆ ಒತ್ತಿ ಹಿಡಿದು ಉಪ್ಪು ಕರಗಿಸಿ, ಆಮೇಲೆ ದ್ರಾವಣ ಬಳಸಿ.

ಫಿಲ್ಟರ್‌ಗೂ ಇದೇ ಕ್ರಮ. ಸಾಧಾರಣ ಯುವಿ ಫಿಲ್ಟರ್ ತೀರಾ ಕೊಳೆಯಾಗಿದ್ದರೆ ಲೆನ್ಸಿನಿಂದ ಬಿಚ್ಚಿ ಸೌಮ್ಯ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬಹುದು. ನೀರು, ಗಾಜಿನಂಥವುಗಳ ಹೊಳಪು ತಗ್ಗಿಸುವ ಪೋಲರೈಜರ್ ಫಿಲ್ಟರ್ ವಿಷಯದಲ್ಲಿ ಆ ಧೈರ್ಯ ಬೇಡ: ಅದರಲ್ಲಿ ಎರಡು ಗಾಜುಗಳ ನಡುವೆ ಅಂಟಿಸಿದ ತೆಳು ಹಾಳೆ ಇರುತ್ತದೆ, ನೆನೆಸಿದರೆ ಅಂಚಿನಿಂದ ತೇವ ನುಗ್ಗಿ ಪದರ ಬಿಡಬಹುದು. ಬಿಗಿಯಾಗಿ ಕೂತು ತಿರುಗದ ಫಿಲ್ಟರಿನ ಅಂಚಿಗೆ ಅಗಲವಾದ ರಬ್ಬರ್ ಬ್ಯಾಂಡ್ ಸುತ್ತಿ ಹಗುರವಾಗಿ ತಿರುಗಿಸಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.

ಇನ್ನೊಂದು ಸಮಾಧಾನದ ಸಂಗತಿ. ಮುಂಭಾಗದ ಗಾಜಿನ ಮೇಲಿನ ನಾಲ್ಕಾರು ಧೂಳಿನ ಕಣಗಳು ಫೋಕಸ್‌ನಿಂದ ಬಹಳ ದೂರವಿರುವುದರಿಂದ ಚಿತ್ರದಲ್ಲಿ ಕಾಣುವುದೇ ಇಲ್ಲ. ಬಯಲಾಟದ ದೀಪಗಳು ನೇರವಾಗಿ ಲೆನ್ಸಿಗೆ ಬೀಳುವಾಗ ಜಿಡ್ಡಿನಿಂದ ಬೆಳಕು ಚೆದರಿ ಚಿತ್ರ ಮಂಕಾಗಬಹುದು, ಅಷ್ಟೆ. ಆಕಾಶವಿರುವ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಕಾಣುತ್ತಿದ್ದರೆ ಆ ಧೂಳು ಬಹುತೇಕ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಸೆನ್ಸರ್ ಮೇಲಿನದು. ಲೆನ್ಸನ್ನು ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ.