ಪುಡಿಗೆ ತಕ್ಕಡಿ, ದ್ರವಕ್ಕೆ ಜಾಡಿ

ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಕೊಳ್ಳುವವರು ಅಳೆಯುವವನ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಸೇರನ್ನು ಒಮ್ಮೆ ನೆಲಕ್ಕೆ ಕುಟ್ಟಿದರೆ ಕಾಳುಗಳು ಒತ್ತೊತ್ತಾಗಿ ಕುಳಿತು ಇನ್ನೊಂದು ಹಿಡಿ ಹಿಡಿಸುತ್ತಿತ್ತು. ಸಡಿಲವಾಗಿ ಸುರಿದು ಸವರಿದರೆ ಅದೇ ಸೇರು ಕಡಿಮೆ ಅಕ್ಕಿಗೇ ತುಂಬಿಬಿಡುತ್ತಿತ್ತು. ಪಾತ್ರೆ ಅಳೆಯುವುದು ಜಾಗವನ್ನು. ಆ ಜಾಗದಲ್ಲಿ ಅಕ್ಕಿಯೆಷ್ಟು, ಕಾಳುಗಳ ನಡುವಿನ ಗಾಳಿಯೆಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆದು ಚಿತ್ರ ಮೂಡಿಸುವ ಡೆವಲಪರ್ ಎಂಬ ದ್ರಾವಣವನ್ನು ಸ್ವತಃ ಬೆರೆಸಿಕೊಳ್ಳುವವರ ಮುಂದಿರುವುದೂ ಇದೇ ಸಮಸ್ಯೆ: ರಾಸಾಯನಿಕವನ್ನು ಚಮಚದಿಂದ ಅಳೆಯಬೇಕೋ, ತಕ್ಕಡಿಯಲ್ಲಿ ತೂಗಬೇಕೋ?

ಕೊಡಾಕ್ ಸಂಸ್ಥೆ 1927ರಲ್ಲಿ ಹೊರತಂದ ಡಿ-76 ಡೆವಲಪರನ್ನೇ ತೆಗೆದುಕೊಳ್ಳೋಣ. ಒಂದು ಲೀಟರ್ ದ್ರಾವಣಕ್ಕೆ 2 ಗ್ರಾಂ ಮೆಟೋಲ್, 100 ಗ್ರಾಂ ನಿರ್ಜಲ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೋರ್ಯಾಕ್ಸ್, ಅಂದರೆ ನಮ್ಮ ಬಿಳಿಗಾರ. ಇವುಗಳಲ್ಲಿ ಯಾವುದನ್ನೇ ಚಮಚದಲ್ಲಿ ತೆಗೆದರೂ ಎಷ್ಟು ಬಂತೆಂಬುದು ಹರಳಿನ ಗಾತ್ರ, ಪುಡಿಯ ನುಣುಪು, ಡಬ್ಬಿ ಎಷ್ಟು ಅಲುಗಾಡಿತ್ತು ಎಂಬುದನ್ನೆಲ್ಲ ಅವಲಂಬಿಸುತ್ತದೆ. ಇದನ್ನು ಅಡುಗೆಮನೆಯಲ್ಲೇ ಕಾಣಬಹುದು: ಒಂದು ಚಮಚ ಪುಡಿಯುಪ್ಪನ್ನೂ ಒಂದು ಚಮಚ ಕಲ್ಲುಪ್ಪನ್ನೂ ತೂಗಿ ನೋಡಿದರೆ ಎರಡೂ ಬೇರೆ ಬೇರೆ ತೂಕ ತೋರಿಸುತ್ತವೆ, ವಸ್ತು ಮಾತ್ರ ಒಂದೇ.

ಹಾಗೆಂದು ತಕ್ಕಡಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಒಂದೊಂದೇ ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ "2" ಎಂದು ಕಂಡರೆ ನಿಜವಾದ ತೂಕ 1.5ರಿಂದ 2.5 ಗ್ರಾಂವರೆಗೆ ಎಷ್ಟಾದರೂ ಇರಬಹುದು, ಅಂದರೆ ಶೇಕಡ 25ರಷ್ಟು ವ್ಯತ್ಯಾಸ. ಅದೇ ಅರ್ಧ ಗ್ರಾಂ 100 ಗ್ರಾಂ ಸಲ್ಫೈಟಿನಲ್ಲಿ ಶೇಕಡ ಅರ್ಧವಷ್ಟೇ. ಮೆಟೋಲ್ ಚಿತ್ರವನ್ನು ಮೂಡಿಸುವ ಮುಖ್ಯ ವಸ್ತುವಾದ್ದರಿಂದ ಅದರ ಏರುಪೇರು ನೆಗೆಟಿವ್‌ನಲ್ಲಿ ಕಾಣುತ್ತದೆ. ಸಲ್ಫೈಟ್ ಐದು ಗ್ರಾಂ ಹೆಚ್ಚುಕಡಿಮೆಯಾದರೂ ಫಿಲ್ಮಿಗೆ ಗೊತ್ತಾಗುವುದು ಕಷ್ಟ. ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್ ದ್ರಾವಣದಲ್ಲಿ ಬಳಸುವ ಹೈಪೋ ಇನ್ನೂ ಉದಾರಿ. ಎಲ್ಲವನ್ನೂ ಒಂದೇ ಬಿಗಿಯಲ್ಲಿ ತೂಗಬೇಕಾಗಿಲ್ಲ ಎಂಬುದನ್ನು ಹೊಸಬರಿಗೆ ಮೊದಲೇ ಹೇಳಿಕೊಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ, ಏಕೆಂದರೆ ಸಲ್ಫೈಟಿಗೆ ಸುರಿದ ಶ್ರಮದಲ್ಲಿ ಕಾಲುಭಾಗವನ್ನು ಮೆಟೋಲಿಗೆ ಕೊಟ್ಟರೂ ಫಲಿತಾಂಶ ಸುಧಾರಿಸುತ್ತದೆ.

ತೀರಾ ಸಣ್ಣ ತೂಕಗಳಿಗೆ ಹಳೆಯ ಕೆಲಸಗಾರರು ಕಂಡುಕೊಂಡ ಉಪಾಯದಲ್ಲಿ ತೂಕ ಮತ್ತು ಅಳತೆ ಕೈಜೋಡಿಸುತ್ತವೆ. ಕೆಲವು ಡೆವಲಪರುಗಳಿಗೆ ಸ್ವಲ್ಪವೇ ಬೇಕಾಗುವ ಪೊಟ್ಯಾಶಿಯಂ ಬ್ರೋಮೈಡನ್ನು 10 ಗ್ರಾಂ ತೂಗಿ ನೀರಿನಲ್ಲಿ ಕರಗಿಸಿ, ಒಟ್ಟು ದ್ರಾವಣ 100 ಮಿಲಿ ಆಗುವಂತೆ ನೀರು ಸೇರಿಸಿ ಬಾಟಲಿಯಲ್ಲಿಟ್ಟರೆ ಪ್ರತಿ ಮಿಲಿಯಲ್ಲೂ 0.1 ಗ್ರಾಂ ಇರುತ್ತದೆ. ಅರ್ಧ ಗ್ರಾಂ ಬೇಕಾದಾಗ ತಕ್ಕಡಿಯೊಂದಿಗೆ ಹೆಣಗುವ ಬದಲು 5 ಮಿಲಿ ತೆಗೆದರಾಯಿತು. ಒಮ್ಮೆ ತೂಗಿದಾಗ ಆದ ಸಣ್ಣ ತಪ್ಪು ಇಡೀ ಬಾಟಲಿಗೆ ಹಂಚಿಹೋಗುತ್ತದೆ. ಗಾಳಿ ತಾಗಿದರೆ ಕೆಡುವ ಮೆಟೋಲಿನಂಥವನ್ನು ಮಾತ್ರ ಹೀಗೆ ಬರಿಯ ನೀರಿನಲ್ಲಿ ಕರಗಿಸಿ ಇಟ್ಟುಕೊಳ್ಳುವಂತಿಲ್ಲ.

"ಒಟ್ಟು ದ್ರಾವಣ" ಎಂಬ ಮಾತಿಗೆ ಇಲ್ಲಿ ತೂಕವಿದೆ. ಒಂದು ಲೀಟರ್ ನೀರಿಗೆ ಡಿ-76ರ ಪುಡಿಗಳನ್ನು ಹಾಕಿದರೆ ಸಿಗುವುದು ಒಂದು ಲೀಟರಿಗಿಂತ ಹೆಚ್ಚಿನ ದ್ರಾವಣ. ಆದ್ದರಿಂದಲೇ 750 ಮಿಲಿ ನೀರಿನಲ್ಲಿ ಕರಗಿಸಿ, ಆಮೇಲೆ ತಣ್ಣೀರು ಸೇರಿಸಿ ಲೀಟರಿನ ಗೆರೆಗೆ ತರುತ್ತಾರೆ. ಕರಗಿಸುವ ನೀರು ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. 20 ಡಿಗ್ರಿಯ ನೀರಿಗೆ ಹೋಲಿಸಿದರೆ ಅದು ಶೇಕಡ ಒಂದರಷ್ಟು ಹಿಗ್ಗಿರುತ್ತದೆ, ಹಾಗಾಗಿ ಬಿಸಿಯಿರುವಾಗಲೇ ಗೆರೆಗೆ ತಂದರೆ ಅಳತೆ ಅಷ್ಟು ತಪ್ಪುತ್ತದೆ.

ದ್ರವಗಳಲ್ಲಿ ನಡುವೆ ಗಾಳಿಯಿಲ್ಲವಾದ್ದರಿಂದ ಅಳತೆ ಜಾಡಿಯೇ ಸಾಕು, ಆದರೆ ಜಾಡಿಯ ಗಾತ್ರ ಕೆಲಸಕ್ಕೆ ತಕ್ಕದ್ದಾಗಿರಬೇಕು. ರೋಡಿನಾಲ್‌ನಂಥ ಗಟ್ಟಿ ಡೆವಲಪರನ್ನು ಒಂದಕ್ಕೆ ಐವತ್ತರಂತೆ ತೆಳುವಾಗಿಸಿ 300 ಮಿಲಿ ಮಾಡಲು ಸುಮಾರು 6 ಮಿಲಿ ಬೇಕು. ಅದನ್ನು ಅರ್ಧ ಲೀಟರಿನ ಜಾಡಿಯಲ್ಲಿ ಅಳೆಯುವುದು ಊಹೆಯೇ ಸರಿ. ಔಷಧದಂಗಡಿಯಲ್ಲಿ ಸಿಗುವ 10 ಮಿಲಿ ಸಿರಿಂಜ್, ಸೂಜಿಯಿಲ್ಲದೆ, ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ದ್ರವ ಸಕ್ಕರೆ ಪಾಕದಂತೆ ಮಂದವಾಗಿದ್ದರೆ ಒಳಗೋಡೆಗೆ ಅಂಟಿಕೊಳ್ಳುವುದರಿಂದ ಅದೇ ಸಿರಿಂಜನ್ನು ಬೆರೆಸುವ ನೀರಿನಲ್ಲೇ ಒಂದೆರಡು ಸಲ ಎಳೆದು ಬಿಡಬೇಕು.

ಹಳೆಯ ಇಂಗ್ಲಿಷ್ ಪುಸ್ತಕಗಳಿಂದ ಸೂತ್ರ ಎತ್ತಿಕೊಳ್ಳುವವರು ಔನ್ಸಿನ ಬಗ್ಗೆ ಎಚ್ಚರದಿಂದಿರಬೇಕು. ತೂಕದ ಔನ್ಸ್ 28.35 ಗ್ರಾಂ, ದ್ರವದ ಔನ್ಸ್ ಬ್ರಿಟನ್ನಿನಲ್ಲಿ 28.4 ಮಿಲಿ, ಅಮೆರಿಕದಲ್ಲಿ 29.6 ಮಿಲಿ. ಪೈಂಟ್ ಅಂತೂ ಬ್ರಿಟನ್ನಿನಲ್ಲಿ 568, ಅಮೆರಿಕದಲ್ಲಿ 473 ಮಿಲಿ.

ಇಷ್ಟಾದ ಮೇಲೂ ತಕ್ಕಡಿಯನ್ನು ಮೋಸಗೊಳಿಸುವ ಒಂದು ವಸ್ತುವಿದೆ, ಅದು ಹರಳಿನೊಳಗೆ ಅಡಗಿದ ನೀರು. ಹಲವು ಡೆವಲಪರುಗಳಲ್ಲಿ ಬಳಸುವ ಸೋಡಿಯಂ ಕಾರ್ಬೊನೇಟ್ ಮೂರು ರೂಪಗಳಲ್ಲಿ ಮಾರಾಟವಾಗುತ್ತದೆ: ನೀರೇ ಇಲ್ಲದ ನಿರ್ಜಲ ಪುಡಿ, ಒಂದು ನೀರಿನ ಅಣುವನ್ನು ಹಿಡಿದ ರೂಪ, ಹತ್ತು ಅಣುಗಳನ್ನು ಹಿಡಿದ ವಾಷಿಂಗ್ ಸೋಡಾ ಹರಳು. ನಿರ್ಜಲ ಪುಡಿಯ 100 ಗ್ರಾಂಗೆ ಎರಡನೆಯದು 117 ಗ್ರಾಂ, ಮೂರನೆಯದು 270 ಗ್ರಾಂ ಸಮ. ಕಾಗದದ ಚಿತ್ರಗಳಿಗೆ ಬಳಸುವ ಡಿ-72 ಡೆವಲಪರಿಗೆ ಎರಡನೆಯ ರೂಪದಲ್ಲಿ 80 ಗ್ರಾಂ ಬೇಕು. ನಾನೊಮ್ಮೆ ಅದರ ಬದಲು 80 ಗ್ರಾಂ ವಾಷಿಂಗ್ ಸೋಡಾ ಹರಳನ್ನು ಬಹಳ ಜಾಗ್ರತೆಯಿಂದ ತೂಗಿ ಹಾಕಿದ್ದೆ. ದ್ರಾವಣಕ್ಕೆ ನಿಜವಾಗಿ ಸೇರಿದ ಕಾರ್ಬೊನೇಟ್ 30 ಗ್ರಾಂ ಕೂಡ ಇರಲಿಲ್ಲ, ಬೇಕಿದ್ದದ್ದು 68. ಕೆಂಪು ದೀಪದಡಿ ತಟ್ಟೆಯಲ್ಲಿ ಕಾಗದವನ್ನು ಅಲುಗಿಸುತ್ತಲೇ ಇದ್ದೆ, ಕಪ್ಪಾಗಬೇಕಾದ ನೆರಳು ಬೂದು ಬಣ್ಣದಲ್ಲೇ ಉಳಿದಿತ್ತು.

ವಾಷಿಂಗ್ ಸೋಡಾದಲ್ಲಿ ಇನ್ನೊಂದು ತೊಡಕೂ ಇದೆ. ಒಣ ಹವೆಯಲ್ಲಿ ಅದು ತಾನಾಗಿಯೇ ನೀರು ಕಳೆದುಕೊಳ್ಳುತ್ತದೆ. ಗಾಜಿನಂತಿದ್ದ ಹರಳಿನ ಮೈಮೇಲೆ ಬಿಳಿ ಹಿಟ್ಟು ಕಟ್ಟುತ್ತದೆ. ಡಬ್ಬಿಯಲ್ಲಿರುವುದು ಯಾವ ರೂಪ ಎಂಬುದು ಆಗ ಚೀಟಿಯಿಂದ ತಿಳಿಯುವುದಿಲ್ಲ. ನಾನೀಗ ಪ್ರತಿ ಹೊಸ ಡಬ್ಬಿಯಿಂದ 27 ಗ್ರಾಂ ತೂಗಿ, ಅಡುಗೆಗೆ ಬಳಸದ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಹರಳು ಮೊದಲು ತನ್ನದೇ ನೀರಿನಲ್ಲಿ ಕರಗುತ್ತದೆ, ಆಮೇಲೆ ಕುದಿಯುತ್ತದೆ, ಕೊನೆಗೆ ಒಣಗಿದ ಬಿಳಿ ಪುಡಿ ಉಳಿಯುತ್ತದೆ. ಆರಿಸಿ ತೂಗುತ್ತೇನೆ, ಮತ್ತೆ ಕಾಯಿಸಿ ತೂಗುತ್ತೇನೆ. ತೂಕ ಇಳಿಯುವುದು ನಿಂತಾಗ ಉಳಿದದ್ದು 10 ಗ್ರಾಂ ಆಗಿದ್ದರೆ ಡಬ್ಬಿಯಲ್ಲಿರುವುದು ಹತ್ತು ನೀರಿನ ಹರಳೇ. ಅದಕ್ಕಿಂತ ಹೆಚ್ಚಿದ್ದರೆ ಒಂದಷ್ಟು ನೀರು ಮೊದಲೇ ಹಾರಿಹೋಗಿದೆಯೆಂದು ತಿಳಿದು, ಆ ಅಂಕಿಯನ್ನೇ ಡಬ್ಬಿಯ ಮೇಲೆ ಬರೆದಿಡುತ್ತೇನೆ.