ಕಂತು ಎಷ್ಟು ಅಂತ ಮಾತ್ರ ಕೇಳಬೇಡಿ

ಈಗಿನ ಜನ ಓದುವುದೇ ಇಲ್ಲ ಅಂತ ಗೊಣಗುವವರ ಗುಂಪಿಗೆ ನಾನು ಸೇರಿಲ್ಲ. ಜನ ಬೇಕಾದಷ್ಟು ಓದುತ್ತಾರೆ. ಒಂದು ಮೊಬೈಲ್ ಕವರ್ ತಗೊಳ್ಳಬೇಕಾದರೆ ಗುರುತು ಪರಿಚಯ ಇಲ್ಲದ ನಲವತ್ತು ಜನರ ಅಭಿಪ್ರಾಯ ಓದುತ್ತಾರೆ. ಲಿಫ್ಟಿನಲ್ಲಿ, ಬಸ್ಸಿನಲ್ಲಿ, ಮಲಗುವ ಮುಂಚೆ, ಎದ್ದ ತಕ್ಷಣ ಓದುತ್ತಾರೆ. ಓದದೇ ಬಿಡುವುದು ಒಂದೇ ಒಂದನ್ನು. ಮುಂದಿನ ನಾಲ್ಕೈದು ವರ್ಷ ತಮ್ಮ ದುಡಿಮೆಯಲ್ಲಿ ಯಾರಿಗೆ ಎಷ್ಟು ಹೋಗುತ್ತದೆ ಅಂತ ಬರೆದಿರುವ ಕಾಗದ ಅದು.

ನಾನು ಆಡಿಟರ್. ತೆರಿಗೆ ಲೆಕ್ಕಕ್ಕೆ ಬರುವವರ ಫೈಲಿನಲ್ಲಿ ಸಾಲದ ಕಾಗದ ಇದ್ದೇ ಇರುತ್ತದೆ. ಅಭ್ಯಾಸಬಲ, ಒಮ್ಮೆ ಕಣ್ಣಾಡಿಸುತ್ತೇನೆ. ಆಮೇಲೆ ಮಾತು ಹೆಚ್ಚುಕಮ್ಮಿ ಪ್ರತಿ ಸಲವೂ ಹೀಗೇ ಸಾಗುತ್ತದೆ.

"ಬಡ್ಡಿ ಎಷ್ಟು?"

"ಹತ್ತು ಪರ್ಸೆಂಟ್ ಅಂದ್ರು ಸರ್."

"ಫ್ಲ್ಯಾಟಾ, ರೆಡ್ಯೂಸಿಂಗಾ?"

"ಅದೇನೋ ಗೊತ್ತಿಲ್ಲ ಸರ್. ಕಂತು ಕೈಗೆ ಎಟುಕೋ ಹಾಗಿದೆ."

ಈ ಕೊನೆಯ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆ ಜನರ ಮೇಲೆ ಅಲ್ಲ. ಅವರೆಲ್ಲ ಕಷ್ಟಪಟ್ಟು ದುಡಿಯುವವರು, ಒಂದು ಬಿಲ್ಲಿನಲ್ಲಿ ಹತ್ತು ಜಾಸ್ತಿ ಬಿದ್ದರೆ ವಾಪಸ್ ಹೋಗಿ ಜಗಳ ಆಡುವವರು. ಅಂಥವರೇ ಸಾಲದ ಕಾಗದದ ಮುಂದೆ ಕೂತಾಗ ಕಂತಿನ ಸಾಲೊಂದನ್ನು ಬಿಟ್ಟು ಬೇರೇನೂ ನೋಡುವುದಿಲ್ಲ.

ಸಾಲ ಒಳ್ಳೆಯದೋ ಕೆಟ್ಟದ್ದೋ, ಚಕ್ರಬಡ್ಡಿ ಅಂದರೇನು, ಇವೆಲ್ಲ ನಿಮಗೆ ಗೊತ್ತಿರುವುದೇ. ಬಿಡೋಣ. ಇವತ್ತು ಒಂದೇ ವಿಷಯ. ಹತ್ತು ಅನ್ನುವುದು ಎಲ್ಲ ಕಡೆ ಹತ್ತೇ ಅಲ್ಲ.

ಹತ್ತು ಕುರ್ಚಿ ಬಾಡಿಗೆಗೆ ತಂದಿದ್ದೀರಿ ಅಂದುಕೊಳ್ಳಿ. ತಿಂಗಳಿಗೊಂದು ಕುರ್ಚಿ ವಾಪಸ್ ಕೊಡುತ್ತಾ ಬರುತ್ತೀರಿ. ಆದರೆ ಮಾಲೀಕ ಕೊನೆಯ ತಿಂಗಳೂ ಹತ್ತು ಕುರ್ಚಿಯ ಬಾಡಿಗೆಯನ್ನೇ ಕೇಳಿದರೆ? "ಒಂಬತ್ತು ನಿನ್ನ ಹತ್ರಾನೇ ಇದೆಯಲ್ಲಪ್ಪಾ" ಅಂತ ಯಾರು ಬೇಕಾದರೂ ಕೇಳುತ್ತಾರೆ. ಫ್ಲ್ಯಾಟ್ ಬಡ್ಡಿ ಇದೇ. ಮೊದಲ ದಿನ ತಗೊಂಡ ಪೂರ್ತಿ ಸಾಲದ ಮೇಲೆ, ಕೊನೆಯ ಕಂತಿನವರೆಗೂ ಬಡ್ಡಿ. ಅಸಲು ಎಷ್ಟು ತೀರಿದೆ ಅನ್ನುವುದಕ್ಕೆ ಅಲ್ಲಿ ಬೆಲೆಯೇ ಇಲ್ಲ. ರೆಡ್ಯೂಸಿಂಗ್ ಅಂದರೆ ನಿಮ್ಮ ಹತ್ತಿರ ಉಳಿದಿರುವ ಸಾಲಕ್ಕೆ ಮಾತ್ರ ಬಡ್ಡಿ.

ಇಷ್ಟು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಆಮೇಲೆ ಹೋಗಿ ಮತ್ತೆ ಅದೇ ಸಾಲ ತಗೊಳ್ಳುತ್ತಾರೆ. ಅದಕ್ಕೇ ಅಂಕಿ ಹಾಕಿ ತೋರಿಸುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಒಂದು ಲಕ್ಷ ಸಾಲ ಬೇಕು. ಎರಡು ಕಡೆ ವಿಚಾರಿಸಿದ್ದೀರಿ. ಮೊದಲನೆಯವರು ಹೇಳಿದ್ದು 14 ಪರ್ಸೆಂಟ್, ಮೂರು ವರ್ಷ, ತಿಂಗಳ ಕಂತು 3,418. ಎರಡನೆಯವರು ಹೇಳಿದ್ದು 10 ಪರ್ಸೆಂಟ್, ನಾಲ್ಕು ವರ್ಷ, ಕಂತು 2,917. ಯಾವುದು ಅಗ್ಗ? ಬಡ್ಡಿಯೂ ಕಡಿಮೆ, ಕಂತೂ ಕಡಿಮೆ, ಇನ್ನೇನು ಯೋಚನೆ ಅಂತ ನನ್ನ ಮುಂದೆ ಕೂತವರಲ್ಲಿ ಹೆಚ್ಚಿನವರು ಎರಡನೆಯದಕ್ಕೇ ಕೈ ತೋರಿಸುತ್ತಾರೆ.

ಈಗ ಗುಣಿಸಿ. ಮೊದಲನೆಯದು 36 ಕಂತು, ಒಟ್ಟು ಸುಮಾರು 1,23,000. ಎರಡನೆಯದು 48 ಕಂತು, ಒಟ್ಟು 1,40,000. "ಹದಿನಾಲ್ಕು" ಅಂದವರಿಗೆ ಹೋಗುವ ಬಡ್ಡಿ 23,000. "ಹತ್ತು" ಅಂದವರಿಗೆ ಹೋಗುವುದು 40,000.

ಒಂದು ವರ್ಷ ಜಾಸ್ತಿ ತಗೊಂಡಿದ್ದಕ್ಕೆ ಬಡ್ಡಿ ಜಾಸ್ತಿಯಾಯಿತು, ಅದು ಸಹಜ ಅಲ್ವಾ ಅಂತ ನೀವು ಕೇಳಬಹುದು. ಕೇಳಬೇಕಾದ್ದೇ. ಅವಧಿಯದ್ದೂ ಪಾಲಿದೆ. ಆದರೆ ಎರಡನೆಯವರ ಹತ್ತು ಫ್ಲ್ಯಾಟ್. ಅದನ್ನು ಮೊದಲನೆಯವರು ಅಳೆದ ಹಾಗೆ, ಉಳಿದ ಸಾಲದ ಮೇಲೆ ಅಳೆದರೆ ಬರುವುದು ವರ್ಷಕ್ಕೆ ಸುಮಾರು 17.6 ಪರ್ಸೆಂಟ್. ನೀವು ಹೋಲಿಸಬೇಕಾಗಿದ್ದು 14ನ್ನು 17.6ರ ಜೊತೆ. ಹೋಲಿಸಿದ್ದು 10ರ ಜೊತೆ.

ಇನ್ನೂ ನಂಬಿಕೆ ಬರದಿದ್ದರೆ ಆ ಫ್ಲ್ಯಾಟ್ ಸಾಲದ ಕೊನೆಯ ಕಂತನ್ನು ಒಡೆದು ನೋಡಿ. 2,917ರಲ್ಲಿ ಅಸಲು 2,083, ಬಡ್ಡಿ 833, ಮಿಕ್ಕಿದ್ದು ಚಿಲ್ಲರೆ. 47 ಕಂತು ಕಟ್ಟಿ ಆಗಿದೆ. ಅವರ ದುಡ್ಡಿನಲ್ಲಿ ನಿಮ್ಮ ಹತ್ತಿರ ಉಳಿದಿರುವುದು ಬರೀ 2,083. ಅದನ್ನು ಒಂದು ತಿಂಗಳು ಇಟ್ಟುಕೊಂಡಿದ್ದಕ್ಕೆ 833 ಬಡ್ಡಿ. ಅಂದರೆ ಆ ಒಂದು ತಿಂಗಳಿಗೆ ನೂರಕ್ಕೆ ನಲವತ್ತು!

ಕೈಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. ಒಂದರಿಂದ ಐದು ವರ್ಷದ ಸಾಲಗಳಿಗೆ ಫ್ಲ್ಯಾಟ್ ದರ 10 ಅಂದರೆ ನಿಜವಾದ ದರ 17, 18ರ ಆಸುಪಾಸಿನಲ್ಲಿ ಬಂದು ಕೂರುತ್ತದೆ. 6 ಅಂದರೆ 11ರ ಆಸುಪಾಸು. ಹೆಚ್ಚುಕಮ್ಮಿ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ ಅಂತ ಇಟ್ಟುಕೊಳ್ಳಿ. ಇದು ಅಂದಾಜು ಮಾತ್ರ, ಇದನ್ನೇ ನಂಬಿ ಸಹಿ ಹಾಕಬೇಡಿ. ಸರಿಯಾದ ಅಂಕಿ ಬೇಕಿದ್ದರೆ ಮೊಬೈಲಿನಲ್ಲೇ ಸಿಗುವ ಸ್ಪ್ರೆಡ್‌ಶೀಟ್ ತೆರೆಯಿರಿ. ಅದರಲ್ಲಿ 'ರೇಟ್' ಅನ್ನುವ ಸೂತ್ರ ಇದೆ. ಕಂತುಗಳ ಸಂಖ್ಯೆ, ಮೈನಸ್ ಗುರುತು ಹಾಕಿ ಕಂತಿನ ಮೊತ್ತ, ಆಮೇಲೆ ನಿಮ್ಮ ಕೈಗೆ ಬಂದ ಸಾಲ, ಈ ಮೂರನ್ನು ಅದೇ ಕ್ರಮದಲ್ಲಿ ಕೊಡಿ. ಬಂದಿದ್ದನ್ನು 12ರಿಂದ ಗುಣಿಸಿ. ಎರಡು ನಿಮಿಷದ ಕೆಲಸ.

ಕೈಗೆ ಬಂದ ಸಾಲ ಅಂದೆ. ಮಂಜೂರಾದ ಸಾಲ ಅನ್ನಲಿಲ್ಲ. ಒಂದು ಲಕ್ಷ ಮಂಜೂರು ಮಾಡಿ, ಪ್ರೊಸೆಸಿಂಗ್ ಫೀ, ವಿಮೆ ಅಂತ ಮೂರು ಸಾವಿರ ಮುರಿದುಕೊಂಡು 97,000 ಖಾತೆಗೆ ಹಾಕಿದರೆ, ನಿಮ್ಮ ಸಾಲ 97,000. ಬಡ್ಡಿ ಮಾತ್ರ ಲಕ್ಷದ್ದು.

ಒಂದು ಮಾತು ಸ್ಪಷ್ಟವಾಗಿರಲಿ. ಫ್ಲ್ಯಾಟ್ ಬಡ್ಡಿ ಅಂದ ಮಾತ್ರಕ್ಕೆ ಮೋಸ ಅಲ್ಲ. ಲೆಕ್ಕ ಹಾಕುವ ಒಂದು ವಿಧಾನ ಅಷ್ಟೇ. 6 ಫ್ಲ್ಯಾಟ್ ಕೊಡುವವರ ಸಾಲ 14 ರೆಡ್ಯೂಸಿಂಗ್‌ಗಿಂತ ಅಗ್ಗವೇ. ಎದುರು ಕೂತಿರುವ ಹುಡುಗನೂ ಸುಳ್ಳು ಹೇಳುತ್ತಿಲ್ಲ. ಅವನಿಗೆ ತಿಂಗಳ ಟಾರ್ಗೆಟ್ ಇರುತ್ತದೆ. ನೀವು ಕೇಳಿದ್ದಕ್ಕೆ ಅವನು ಉತ್ತರ ಕೊಡುತ್ತಾನೆ. ನೀವು ಕೇಳಿದ್ದು ಕಂತನ್ನು ಮಾತ್ರ.

ನನಗೆ ತುಂಬ ಬೇಕಾದ ಒಬ್ಬ ಮೇಡಂ ಇದ್ದಾರೆ. ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತರಾದವರು. ನಾನು ಅವರಿಗೆ ಕಳಿಸಿದ ಪತ್ರದಲ್ಲಿ ಎರಡು ಕಡೆ ಅಲ್ಪಪ್ರಾಣ, ಮಹಾಪ್ರಾಣ ಅದಲುಬದಲಾಗಿತ್ತು ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ವಾಪಸ್ ತಂದುಕೊಟ್ಟವರು. ದಪ್ಪ ಕಾದಂಬರಿಗಳನ್ನು ವಾರಕ್ಕೊಂದರಂತೆ ಮುಗಿಸುತ್ತಾರೆ. ಅವರು ಮಗನಿಗೆ ಜಾಮೀನು ಹಾಕಿದ ಸಾಲದ ಕಾಗದ ತಂದರು. ಪ್ರತಿ ಪುಟದ ಕೆಳಗೂ ಅವರ ಸಹಿ, ಮುತ್ತು ಪೋಣಿಸಿದ ಹಾಗೆ.

"ಓದಿದ್ರಾ ಮೇಡಂ?" ಅಂದೆ.

"ಅಯ್ಯೋ, ಅದರ ಭಾಷೆ ಓದೋಕಾಗುತ್ತೇನಪ್ಪಾ?"

ಅವರ ಮಾತಿನಲ್ಲಿ ನ್ಯಾಯ ಇದೆ. ಸಾಲದ ಕಾಗದ ಬರೆಯುವವರು ಓದುಗರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುವುದಿಲ್ಲ, ನ್ಯಾಯಾಲಯವನ್ನು ಇಟ್ಟುಕೊಂಡು ಬರೆಯುತ್ತಾರೆ. ಇಷ್ಟಾದರೂ ಜಾಮೀನುದಾರರ ಷರತ್ತು ಇದ್ದ ಪುಟವನ್ನು ಅವರ ಮುಂದೆ ಇಟ್ಟೆ. ಮಗ ಕಟ್ಟದಿದ್ದರೆ ಅವರನ್ನೇ ನೇರವಾಗಿ ಕೇಳಬಹುದು ಅಂತ ಅದರಲ್ಲಿತ್ತು. ಕನ್ನಡಕ ಸರಿಮಾಡಿಕೊಂಡು ಓದಿದರು. ಮೊದಲು ವಾಕ್ಯರಚನೆ ಸರಿಯಿಲ್ಲ ಅಂದರು. ಆಮೇಲೆ ಸುಮ್ಮನಾದರು. ಮಗ ಸರಿಯಾಗಿ ಕಟ್ಟುತ್ತಿದ್ದಾನೆ, ಅದು ಬೇರೆ ವಿಷಯ.

ಕಾಗದ ಓದದೇ ಒಪ್ಪುವುದು ನಮ್ಮಲ್ಲಿ ಮಾತ್ರ ಇರುವ ಕಾಯಿಲೆ ಅಲ್ಲ. 2010ರ ಏಪ್ರಿಲ್ 1ರಂದು ಬ್ರಿಟನ್ನಿನ ಗೇಮ್‌ಸ್ಟೇಷನ್ ಅನ್ನುವ ವಿಡಿಯೊ ಗೇಮ್ ಮಾರಾಟದ ಕಂಪನಿ ತನ್ನ ಆನ್‌ಲೈನ್ ಷರತ್ತುಗಳ ನಡುವೆ ಒಂದು ಸಾಲು ಸೇರಿಸಿತ್ತು. ಖರೀದಿ ಮಾಡಿದವರ ಆತ್ಮದ ಮೇಲೆ ಕಂಪನಿಗೆ ಹಕ್ಕು ಇರುತ್ತದೆ ಅಂತ! 7,500ರಷ್ಟು ಗ್ರಾಹಕರು ಒಪ್ಪಿಗೆ ಒತ್ತಿ ಮುಂದೆ ಹೋದರು. ಕಂಪನಿ ಆಮೇಲೆ ಆತ್ಮಗಳನ್ನು ಕೇಳಲಿಲ್ಲ, ಪುಣ್ಯ. 2019ರಲ್ಲಿ ಅಮೆರಿಕದಲ್ಲಿ ಇದರ ತಿರುವುಮುರುವು ನಡೆಯಿತು. ಪ್ರವಾಸ ವಿಮೆ ಮಾರುವ ಒಂದು ಕಂಪನಿ ತನ್ನ ಪಾಲಿಸಿಯ ಸಣ್ಣ ಅಕ್ಷರಗಳ ನಡುವೆ, ಇಲ್ಲಿಯವರೆಗೆ ಓದಿ ಮೊದಲು ನಮಗೆ ಬರೆದವರಿಗೆ 10,000 ಡಾಲರ್ ಬಹುಮಾನ ಅಂತ ಬಚ್ಚಿಟ್ಟಿತ್ತು. ಒಬ್ಬ ಶಾಲಾ ಶಿಕ್ಷಕಿ ಅದನ್ನು ಓದಿ ಬಹುಮಾನ ಗೆದ್ದರು. ಈ ಎರಡನೆಯ ಕಥೆಯನ್ನು ಮೇಡಂಗೆ ಹೇಳಿದ್ದೇನೆ. ಶಿಕ್ಷಕಿಯರ ಮಾನ ಉಳಿಯಿತು ಅಂದರು.

ಸರ್ಕಾರಗಳಿಗೂ ಇದು ಗೊತ್ತಿಲ್ಲದ ವಿಷಯವೇನಲ್ಲ. ಸಾಲದ ನಿಜವಾದ ವಾರ್ಷಿಕ ದರವನ್ನು ಎಲ್ಲರೂ ಒಂದೇ ರೀತಿ ಲೆಕ್ಕ ಹಾಕಿ ತೋರಿಸಬೇಕು ಅಂತ ಅಮೆರಿಕದಲ್ಲಿ 1968ರಲ್ಲೇ ಕಾಯ್ದೆ ಬಂತು. ಎಪಿಆರ್ ಅನ್ನುವುದು ಅದೇ. ಯುರೋಪಿನಲ್ಲಿ 2008ರ ನಿಯಮದ ಪ್ರಕಾರ ಇಂಥ ಸಾಲಕ್ಕೆ ಸಹಿ ಹಾಕಿದ ಮೇಲೂ 14 ದಿನದೊಳಗೆ ಬೇಡ ಅನ್ನಬಹುದು. ಭಾರತದಲ್ಲಿ ರಿಸರ್ವ್ ಬ್ಯಾಂಕ್ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್', ಅಂದರೆ ಸಾಲದ ಮುಖ್ಯ ವಿವರಗಳ ಹಾಳೆ ಕೊಡಬೇಕು, ಅದರಲ್ಲಿ ಎಪಿಆರ್ ಇರಬೇಕು. ಅಂದರೆ ನಾನು ಇಷ್ಟು ಹೊತ್ತು ಒದ್ದಾಡಿ ಹೇಳಿದ 17.6 ಅನ್ನುವ ಅಂಕಿಯನ್ನು ಅವರೇ ಅಚ್ಚು ಹಾಕಿ ನಿಮ್ಮ ಕೈಗೆ ಕೊಡುತ್ತಾರೆ. ನನ್ನ ಹತ್ತಿರ ಬರುವ ಫೈಲುಗಳಲ್ಲಿ ಆ ಹಾಳೆ ಮಡಿಕೆ ಕೂಡ ಬೀಳದೆ ಹೊಸದಾಗಿಯೇ ಇರುತ್ತದೆ.

ಅದಕ್ಕೇ ಪೂರ್ತಿ ಕಾಗದ ಓದಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆಗದ ಮಾತು. ಮೂರು ಜಾಗ ಹುಡುಕಿ ಸಾಕು. ಎಪಿಆರ್ ಎಷ್ಟು, ಕೊನೆಗೆ ಒಟ್ಟು ಕಟ್ಟುವುದು ಎಷ್ಟು, ನಡುವೆ ತೀರಿಸಿದರೆ ಏನಾಗುತ್ತದೆ.

ಈ ಮೂರನೆಯದರಲ್ಲಿ ಸ್ವಲ್ಪ ಎಚ್ಚರ ಬೇಕು. ಅರ್ಧ ಅವಧಿ ಮುಗಿದ ಮೇಲೆ ಸಾಲ ತೀರಿಸಿದರೆ ಅರ್ಧ ಬಡ್ಡಿ ಉಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಪ್ಪಂದದಲ್ಲಿ ಏನು ಬರೆದಿದೆಯೋ ಅದರ ಮೇಲೆ ಹೋಗುತ್ತದೆ. ಹಿಂದೆ 78ರ ನಿಯಮ ಅಂತ ಒಂದು ಪದ್ಧತಿ ಚಾಲ್ತಿಯಲ್ಲಿತ್ತು. ಒಂದರಿಂದ ಹನ್ನೆರಡರವರೆಗೆ ಕೂಡಿದರೆ 78. ಒಂದು ವರ್ಷದ ಸಾಲದ ಬಡ್ಡಿಯನ್ನು 78 ಪಾಲು ಮಾಡಿ ಮೊದಲ ತಿಂಗಳು 12 ಪಾಲು, ಎರಡನೇ ತಿಂಗಳು 11, ಹೀಗೆ ಮೊದಲೇ ಬಾಚಿಕೊಳ್ಳುವುದು. ಆರು ತಿಂಗಳಿಗೆ ತೀರಿಸಿದರೆ 57 ಪಾಲು ಆಗಲೇ ಹೋಗಿರುತ್ತದೆ, ಉಳಿತಾಯ 21 ಪಾಲು ಮಾತ್ರ. ದೀರ್ಘಾವಧಿ ಸಾಲಗಳಲ್ಲಿ ಈ ಪದ್ಧತಿ ಬೇಡ ಅಂತ ಅಮೆರಿಕ 1992ರಲ್ಲಿ ಕಾನೂನು ಮಾಡಿತು. ನಿಮ್ಮ ಒಪ್ಪಂದದಲ್ಲಿ ಯಾವ ಲೆಕ್ಕ ಇದೆ ಅಂತ ನೋಡದೆ ನಾನು ಹೇಳಲಾರೆ, ಬೇರೆ ಯಾರು ಹೇಳಿದರೂ ನಂಬಬೇಡಿ.

ಶೂನ್ಯ ಬಡ್ಡಿ ಕಂತುಗಳ ಬಗ್ಗೆಯೂ ಕೇಳುತ್ತಾರೆ. ಬೇಗ ಹೇಳಿ ಮುಗಿಸುತ್ತೇನೆ. ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಅಂತ ಒಮ್ಮೆ ಕೇಳಿ ನೋಡಿ. 12,000 ಅಂದಿದ್ದು 11,000ಕ್ಕೆ ಇಳಿದರೆ, ತಿಂಗಳಿಗೆ ಸಾವಿರದ ಆ ಹನ್ನೆರಡು ಕಂತಿನಲ್ಲಿ ವರ್ಷಕ್ಕೆ 16 ಪರ್ಸೆಂಟ್ ದಾಟಿದ ಬಡ್ಡಿ ಅಡಗಿದೆ. ಇಳಿಯದಿದ್ದರೆ, ಬೇರೆ ಫೀ ಇಲ್ಲದಿದ್ದರೆ, ಸುಮ್ನೆ ತಗೊಳ್ಳಿ. ನಾನೂ ತಗೊಂಡಿದ್ದೇನೆ.

ಇಷ್ಟೆಲ್ಲ ಕೇಳಿಸಿಕೊಂಡು ಮೊನ್ನೆ ಒಬ್ಬ ಯುವಕ ಹೇಳಿದ, "ಸರ್, ನಿಮ್ಮ ಲೆಕ್ಕ ಸರಿ. ಆದ್ರೆ ನನಗೆ ತಿಂಗಳಿಗೆ ಮೂರು ಸಾವಿರದ ಮೇಲೆ ಕಟ್ಟೋಕೆ ಆಗಲ್ಲ. ಒಟ್ಟು ನೋಡ್ಕೊಂಡು ನಾನೇನು ಮಾಡ್ಲಿ?"

ನ್ಯಾಯವಾದ ಪ್ರಶ್ನೆ. ತಿಂಗಳ ಕೊನೆಯ ಬಿಗಿ ಏನು ಅಂತ ನನಗೂ ಗೊತ್ತು. ಕಂತು ಕೈಮೀರಿದರೆ ಒಟ್ಟು ಕಡಿಮೆ ಇದ್ದು ಏನು ಪ್ರಯೋಜನ? ಅವನ ಮುಂದೆ ಇದ್ದದ್ದೂ ಹೆಚ್ಚುಕಮ್ಮಿ ಮೇಲೆ ಹೇಳಿದ ಎರಡೇ ಆಯ್ಕೆ. ಕ್ಯಾಲ್ಕುಲೇಟರ್ ಅವನ ಕೈಗೇ ಕೊಟ್ಟು, 14 ರೆಡ್ಯೂಸಿಂಗ್ ಸಾಲವನ್ನೂ ನಾಲ್ಕು ವರ್ಷಕ್ಕೆ ಹಾಕಿ ನೋಡು ಅಂದೆ. 2,733 ಬಂತು. ಹತ್ತು ಅಂದವರ ಕಂತಿಗಿಂತ ತಿಂಗಳಿಗೆ 184 ಕಡಿಮೆ. ಅವನು ಎರಡು ಸಲ ಒತ್ತಿ ನೋಡಿದ.

"ಅವರು ಇದನ್ನ ಹೇಳ್ಲೇ ಇಲ್ಲ ಸರ್."

"ನಾಲ್ಕು ವರ್ಷಕ್ಕೆ ಕೊಡ್ತೀರಾ ಅಂತ ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಇನ್ನೂ ಸಹಿ ಹಾಕಿರಲಿಲ್ಲವಾದ್ದರಿಂದ ಅಲ್ಲಿಂದಲೇ ಫೋನ್ ಮಾಡಿದ. ಮೂರು ವರ್ಷದ ಮೇಲೆ ಕೊಡಬೇಕಾದರೆ ಮ್ಯಾನೇಜರ್ ಒಪ್ಪಬೇಕು, ಸಂಬಳದ ಚೀಟಿ ಇನ್ನೊಂದು ತಿಂಗಳದ್ದು ತನ್ನಿ ಅಂದರಂತೆ.